ಮನೆಯ ನೀರಿನ ಕೊಳವೆ ಬದಲಾವಣೆ: ಪ್ಲಂಬರ್‌ಗೆ ಪಾವತಿಸಿದ ಹಣ ಹೆಚ್ಚಾಯಿತೇ ಎಂಬುದನ್ನು ತಿಳಿಯುವ ಬಗೆ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಬೀದಿಯ ಮುಖ್ಯ ಕೊಳವೆಯಿಂದ ಮನೆಯ ನಲ್ಲಿ ಅಥವಾ ಸಂಪಿನವರೆಗೆ ನೀರನ್ನು ತರುವ ಕೊಳವೆಯು ಹಳೆಯದಾಗಿ ತುಕ್ಕು ಹಿಡಿದಾಗ, ಒಡೆದಾಗ ಅಥವಾ ಚರಂಡಿಯ ನೀರು ಅದರೊಳಗೆ ಸೇರುವ ಸಂಶಯ ಉಂಟಾದಾಗ ಅದನ್ನು ಬದಲಾಯಿಸುವುದು ಅನಿವಾರ್ಯವಾಗುತ್ತದೆ. ನೀರು ನಿಂತುಹೋದ ಮನೆಯವರು ದರವನ್ನು ವಿಚಾರಿಸುವ ವ್ಯವಧಾನವಿಲ್ಲದೆ ಕೆಲಸವನ್ನು ಒಪ್ಪಿಸುತ್ತಾರೆ. ಕೆಲಸ ಮುಗಿದು ಹಣ ಪಾವತಿಸಿದ ಮೇಲೆ, ನೆರೆಮನೆಯವರು ಕಡಿಮೆ ಹಣದಲ್ಲಿ ಇದೇ ಕೆಲಸ ಮಾಡಿಸಿದರೆಂದು ತಿಳಿದಾಗ, ತಾವು ಮೋಸ ಹೋದೆವೇ ಎಂಬ ಪ್ರಶ್ನೆ ಏಳುತ್ತದೆ.

ಹರಿಹರ ತಾಲ್ಲೂಕಿನ ಭಾನುವಳ್ಳಿ ಹಾಗೂ ಸುತ್ತಲಿನ ಗ್ರಾಮಗಳ, ಮತ್ತು ಹರಿಹರ ಹಾಗೂ ದಾವಣಗೆರೆ ನಗರಗಳ ಮನೆ ಮಾಲೀಕರಿಗೆ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನೆರವಾಗುವ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ. ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ದರವು ದುಬಾರಿಯಾಗಿತ್ತು ಎಂಬುದು ಒಂದು. ಮಾಡದ ಕೆಲಸಕ್ಕೆ, ಕೊಡದ ಸಾಮಗ್ರಿಗೆ ಅಥವಾ ಒಪ್ಪಿದ್ದಕ್ಕಿಂತ ಅಧಿಕವಾಗಿ ಹಣ ಪಡೆಯಲಾಗಿದೆ ಎಂಬುದು ಇನ್ನೊಂದು. ಮೊದಲನೆಯದು ಚೌಕಾಸಿಯ ವಿಷಯ. ಎರಡನೆಯದಕ್ಕೆ ಕಾನೂನಿನಲ್ಲಿ ಪರಿಹಾರವಿದೆ.

2. ಬದಲಾಯಿಸಿದ ಕೊಳವೆ ಯಾರಿಗೆ ಸೇರಿದುದು?

ಹಣದ ಲೆಕ್ಕಕ್ಕೆ ಮೊದಲು ಈ ಅಂಶವನ್ನು ಖಚಿತಪಡಿಸಿಕೊಳ್ಳಬೇಕು. ಬೀದಿಯ ಮುಖ್ಯ ಕೊಳವೆಯ ನಿರ್ವಹಣೆಯು ಗ್ರಾಮಗಳಲ್ಲಿ ಗ್ರಾಮ ಪಂಚಾಯಿತಿಗೆ ಹಾಗೂ ನಗರಗಳಲ್ಲಿ ನಗರ ಸ್ಥಳೀಯ ಸಂಸ್ಥೆಗೆ ಸೇರಿರುತ್ತದೆ. ಮನೆಯ ಆವರಣದೊಳಗಿನ ಕೊಳವೆಯು ಸಾಮಾನ್ಯವಾಗಿ ಮಾಲೀಕರ ಹೊಣೆಯಾಗಿರುತ್ತದೆ. ಇವೆರಡರ ನಡುವಿನ ಭಾಗದ ಬಗ್ಗೆಯೇ ಹೆಚ್ಚಿನ ಗೊಂದಲ ಉಂಟಾಗುತ್ತದೆ.

2019ರ ಆಗಸ್ಟ್ 15ರಂದು ಘೋಷಿಸಲಾದ ಜಲ ಜೀವನ್ ಮಿಷನ್ ಯೋಜನೆಯು ಕರ್ನಾಟಕದಲ್ಲಿ "ಮನೆ ಮನೆಗೆ ಗಂಗೆ" ಎಂಬ ಹೆಸರಿನಲ್ಲಿ ಅನುಷ್ಠಾನಗೊಂಡಿದೆ. ಪ್ರತಿ ಗ್ರಾಮೀಣ ಮನೆಗೆ ನಲ್ಲಿ ಸಂಪರ್ಕ ಒದಗಿಸಿ, ಪ್ರತಿ ವ್ಯಕ್ತಿಗೆ ದಿನವೊಂದಕ್ಕೆ 55 ಲೀಟರ್ ನೀರು ನೀಡುವುದು ಇದರ ಗುರಿ. ದಾವಣಗೆರೆ ಮತ್ತು ಹರಿಹರ ನಗರಗಳಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ಜಲಸಿರಿ ಯೋಜನೆಯಡಿ ಹೊಸ ಕೊಳವೆ ಜಾಲ ಮತ್ತು ಮನೆ ಸಂಪರ್ಕಗಳ ಕಾಮಗಾರಿ ಕೈಗೊಳ್ಳಲಾಗಿದೆ. ಇಂತಹ ಯೋಜನೆಯಡಿ ಹಾಕಿದ ಭಾಗದಲ್ಲಿ ದೋಷ ಕಂಡುಬಂದರೆ, ಖಾಸಗಿ ಪ್ಲಂಬರ್‌ನನ್ನು ಕರೆಸುವ ಮುನ್ನ ಗ್ರಾಮದ ನೀರುಗಂಟಿಗೆ ತಿಳಿಸಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಅಥವಾ ನಗರದಲ್ಲಿ ನೀರು ಸರಬರಾಜು ಶಾಖೆಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಸಂಸ್ಥೆಯು ಸರಿಪಡಿಸಬೇಕಾಗಿದ್ದ ಕೊಳವೆಗೆ ಮಾಲೀಕರು ಹಣ ತೆತ್ತಿದ್ದರೆ, ಪ್ಲಂಬರ್‌ನ ದರ ಎಷ್ಟೇ ನ್ಯಾಯವಾಗಿದ್ದರೂ ಆ ವೆಚ್ಚ ಅನಗತ್ಯವಾದುದೇ ಆಗುತ್ತದೆ.

ಸಾರ್ವಜನಿಕ ರಸ್ತೆಯನ್ನು ಅಗೆಯಲು ಸಂಬಂಧಪಟ್ಟ ಸಂಸ್ಥೆಯ ಅನುಮತಿ ಅಗತ್ಯ. ಅನುಮತಿಗಾಗಿ ಶುಲ್ಕ ಕಟ್ಟಲಾಗಿದೆ ಎಂದು ಪ್ಲಂಬರ್ ಲೆಕ್ಕದಲ್ಲಿ ತೋರಿಸಿದ್ದರೆ, ಪಂಚಾಯಿತಿ ಅಥವಾ ನಗರಸಭೆಯ ರಸೀದಿಯನ್ನು ಕೇಳಿ ಪಡೆಯಬೇಕು. ರಸೀದಿ ಇಲ್ಲದ ಶುಲ್ಕವನ್ನು ಶುಲ್ಕವೆಂದು ಒಪ್ಪಬೇಕಾಗಿಲ್ಲ.

3. ಒಟ್ಟು ಮೊತ್ತದಲ್ಲಿ ಸೇರಿರುವ ಬಾಬುಗಳು

"ಒಟ್ಟು ಇಷ್ಟು" ಎಂದು ಹೇಳುವ ಮೊತ್ತದಲ್ಲಿ ಈ ಕೆಳಕಂಡ ಬಾಬುಗಳು ಸೇರಿರುತ್ತವೆ.

(ಅ) ಕೊಳವೆ: ಅದರ ವಸ್ತು, ವ್ಯಾಸ, ದರ್ಜೆ ಮತ್ತು ಉದ್ದ.
(ಆ) ಜೋಡಣೆಯ ಸಾಮಗ್ರಿ: ಎಲ್ಬೋ, ಟೀ, ಕಪ್ಲರ್, ಯೂನಿಯನ್, ವಾಲ್ವ್, ಮುಖ್ಯ ಕೊಳವೆಗೆ ಹಾಕುವ ಸ್ಯಾಡಲ್, ಅಂಟು ಇತ್ಯಾದಿ.
(ಇ) ಕಾಲುವೆ ತೋಡುವುದು ಮತ್ತು ಮಣ್ಣು ಮುಚ್ಚುವುದು.
(ಈ) ಕಾಂಕ್ರೀಟ್ ಅಥವಾ ಟೈಲ್ಸ್ ಒಡೆದು ಮರಳಿ ಸರಿಪಡಿಸುವುದು.
(ಉ) ಪ್ಲಂಬರ್ ಮತ್ತು ಸಹಾಯಕರ ಕೂಲಿ.
(ಊ) ಸಾಗಣೆ ವೆಚ್ಚ.
(ಋ) ಉಪಕರಣ, ಓಡಾಟ, ಹೊಣೆಗಾರಿಕೆ ಮತ್ತು ಲಾಭ.

ಇವುಗಳಲ್ಲಿ (ಇ) ಮತ್ತು (ಈ) ಬಾಬುಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಬಹಳವಾಗಿ ವ್ಯತ್ಯಾಸಗೊಳ್ಳುತ್ತವೆ. ಹಿತ್ತಲಿನ ಸಡಿಲ ಮಣ್ಣಿನಲ್ಲಿ ಕಾಲುವೆ ತೋಡುವುದಕ್ಕೂ ಸಿಮೆಂಟ್ ರಸ್ತೆಯನ್ನು ಅಡ್ಡ ಕೊಯ್ಯುವುದಕ್ಕೂ ತಗಲುವ ಶ್ರಮ ಒಂದೇ ಅಲ್ಲ. ಎರೆಮಣ್ಣು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರುಕು ಬಿಡುವುದರಿಂದ, ಅಂತಹ ಜಾಗದಲ್ಲಿ ಕೊಳವೆಯ ಸುತ್ತ ಮರಳು ಹಾಕುವುದು ಒಳ್ಳೆಯದು. ಆ ಮರಳಿನ ಬೆಲೆಯೂ ಲೆಕ್ಕಕ್ಕೆ ಸೇರುತ್ತದೆ.

4. ಲೆಕ್ಕ ಮಾಡುವ ಕ್ರಮ: ಒಂದು ಉದಾಹರಣೆ

ಈ ಉದಾಹರಣೆಯು ಕಾಲ್ಪನಿಕವಾಗಿದ್ದು, ಇದರಲ್ಲಿನ ಮೊತ್ತಗಳು ಲೆಕ್ಕದ ಕ್ರಮವನ್ನು ತಿಳಿಸಲು ಮಾತ್ರ. ಇವು ಮಾರುಕಟ್ಟೆ ದರಗಳಲ್ಲ. ಭಾನುವಳ್ಳಿಯ ಒಂದು ಮನೆಯಲ್ಲಿ 24 ಮೀಟರ್ ಉದ್ದದ ಕೊಳವೆಯನ್ನು ಬದಲಾಯಿಸಿ, ಪ್ಲಂಬರ್‌ಗೆ ಒಟ್ಟು ರೂ. 18,500 ಪಾವತಿಸಲಾಗಿದೆ ಎಂದು ಭಾವಿಸಬಹುದು. ನೆರೆಮನೆಯವರು ತಮಗೆ ರೂ. 9,000 ಮಾತ್ರ ತಗಲಿತೆಂದು ಹೇಳುತ್ತಾರೆ. ಮೇಲ್ನೋಟಕ್ಕೆ ಇಮ್ಮಡಿಗಿಂತ ಅಧಿಕ ಹಣ ಹೋಗಿರುವಂತೆ ತೋರುತ್ತದೆ. ಬಾಬುವಾರು ಲೆಕ್ಕ ಹೀಗಿದೆ:

ಕೊಳವೆ, 6 ಮೀಟರ್‌ನ 4 ಉದ್ದಗಳು, ತಲಾ ರೂ. 900 – ರೂ. 3,600
ಜೋಡಣೆಯ ಸಾಮಗ್ರಿ, ವಾಲ್ವ್, ಅಂಟು – ರೂ. 2,200
ಕಾಲುವೆ ತೋಡಿ ಮುಚ್ಚುವುದು, 24 ಮೀಟರ್, ಮೀಟರಿಗೆ ರೂ. 120 – ರೂ. 2,880
ಕಾಂಕ್ರೀಟ್ ಒಡೆದು ಸರಿಪಡಿಸುವುದು, 6 ಮೀಟರ್, ಮೀಟರಿಗೆ ರೂ. 450 – ರೂ. 2,700
ಪ್ಲಂಬರ್ ಕೂಲಿ, 2 ದಿನ, ದಿನಕ್ಕೆ ರೂ. 1,200 – ರೂ. 2,400
ಸಹಾಯಕನ ಕೂಲಿ, 2 ದಿನ, ದಿನಕ್ಕೆ ರೂ. 800 – ರೂ. 1,600
ಸಾಗಣೆ – ರೂ. 500
ಒಟ್ಟು – ರೂ. 15,880

ಪಾವತಿಸಿದ ಮೊತ್ತಕ್ಕೂ ಈ ಮೊತ್ತಕ್ಕೂ ಇರುವ ವ್ಯತ್ಯಾಸ ರೂ. 2,620. ಇದು ಕೆಲಸದ ಹೊಣೆ ಹೊತ್ತವನ ಮೇಲ್ವೆಚ್ಚ ಮತ್ತು ಲಾಭ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆಯಲ್ಲಿ ಗುತ್ತಿಗೆದಾರರ ಲಾಭ ಹಾಗೂ ಮೇಲ್ವೆಚ್ಚಕ್ಕೆಂದು ಶೇಕಡಾ 15ರಷ್ಟನ್ನು ಸೇರಿಸುವ ಪದ್ಧತಿಯಿದೆ. ಆ ಪ್ರಮಾಣವನ್ನು ಇಲ್ಲಿ ಅನ್ವಯಿಸಿದರೆ ರೂ. 2,382 ಆಗುತ್ತದೆ. ಅಂದರೆ ಈ ಮಾಲೀಕರು ಅಧಿಕವಾಗಿ ಕೊಟ್ಟಿರುವುದು ರೂ. 238 ಮಾತ್ರ, ಇಷ್ಟನ್ನು ದುಬಾರಿ ಎನ್ನಲಾಗದು.

ಈಗ ನೆರೆಮನೆಯ ಲೆಕ್ಕ. ಅಲ್ಲಿ ಕೊಳವೆಯ ಉದ್ದ 10 ಮೀಟರ್. ಕಾಂಕ್ರೀಟ್ ಒಡೆಯುವ ಕೆಲಸವಿರಲಿಲ್ಲ. ಕೊಳವೆ ಮತ್ತು ಸಾಮಗ್ರಿಯನ್ನು ಮನೆಯವರೇ ಅಂಗಡಿಯಿಂದ ತಂದಿದ್ದರು. ಹಾಗಾದರೆ ಕೂಲಿಗೆ ಮಾತ್ರವೇ ಮೀಟರಿಗೆ ರೂ. 900 ತಗಲಿದೆ. ಮೊದಲನೆಯ ಮನೆಯಲ್ಲಿ ಸಾಮಗ್ರಿ ಸೇರಿಯೂ ಮೀಟರಿಗೆ ಸುಮಾರು ರೂ. 771 ಮಾತ್ರ ತಗಲಿದೆ. ಆದುದರಿಂದ ಒಟ್ಟು ಮೊತ್ತಗಳನ್ನು ಹೋಲಿಸುವುದು ಸರಿಯಾದ ಕ್ರಮವಲ್ಲ. ಅಳತೆಯನ್ನೂ ಬಾಬನ್ನೂ ಹೋಲಿಸಬೇಕು.

ಇದೇ ಉದಾಹರಣೆಯಲ್ಲಿ, ಬಿಲ್ಲಿನಲ್ಲಿ 5 ಉದ್ದ ಕೊಳವೆ ತೋರಿಸಿದ್ದು, 4 ಉದ್ದ ಮಾತ್ರ ಬಳಕೆಯಾಗಿ, ಉಳಿದ ಒಂದನ್ನು ಮನೆಯವರಿಗೆ ಒಪ್ಪಿಸದಿದ್ದರೆ, ಆ ರೂ. 900ರ ಪ್ರಶ್ನೆ ಬೇರೆಯೇ ಆಗಿದೆ. ಮೊತ್ತ ಚಿಕ್ಕದಾದರೂ ಇದು ಕೊಡದ ಸಾಮಗ್ರಿಗೆ ಪಡೆದ ಹಣ. ಮಾಲೀಕರ ಹಣದಲ್ಲಿ ಖರೀದಿಸಿ ಉಳಿದ ಕೊಳವೆ ಮತ್ತು ಸಾಮಗ್ರಿಗಳು ಮಾಲೀಕರಿಗೇ ಸೇರುತ್ತವೆ.

ಹೋಲಿಕೆಗಾಗಿ, ಲೋಕೋಪಯೋಗಿ ಇಲಾಖೆ ಹಾಗೂ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಪ್ರಕಟಿಸುವ ದರಪಟ್ಟಿಗಳನ್ನು ನೋಡಬಹುದು. ಇವು ಸರ್ಕಾರಿ ಕಾಮಗಾರಿಗಳ ಅಂದಾಜು ತಯಾರಿಸಲು ಇರುವಂತಹವು. ಖಾಸಗಿ ಪ್ಲಂಬರ್ ಇದೇ ದರವನ್ನು ಪಡೆಯಬೇಕೆಂಬ ನಿರ್ಬಂಧವಿಲ್ಲ. ಸಣ್ಣ ಕೆಲಸಕ್ಕೆ, ರಾತ್ರಿ ವೇಳೆಯ ತುರ್ತು ಕೆಲಸಕ್ಕೆ ಅಥವಾ ಪೇಟೆಯಿಂದ ಗ್ರಾಮಕ್ಕೆ ಬಂದು ಮಾಡುವ ಕೆಲಸಕ್ಕೆ ದರ ಸ್ವಲ್ಪ ಅಧಿಕವಾಗಿರುವುದು ಸಹಜ. ಅಷ್ಟೇ ಉದ್ದ, ಅದೇ ದರ್ಜೆಯ ಕೊಳವೆಗೆ ಬೇರೆ ಇಬ್ಬರು ಪ್ಲಂಬರ್‌ಗಳಿಂದ ಕೊಟೇಶನ್ ಪಡೆಯುವುದು ಹೆಚ್ಚು ಉಪಯುಕ್ತ.

5. ಅಳತೆ ಮತ್ತು ಗುಣಮಟ್ಟದ ಪರಿಶೀಲನೆ

ಬಿಲ್ಲಿನಲ್ಲಿ ಅಡಿ ಮತ್ತು ಮೀಟರ್ ಬೆರೆತಿವೆಯೇ ಎಂಬುದನ್ನು ನೋಡಬೇಕು. 1 ಮೀಟರ್ ಎಂದರೆ ಸುಮಾರು 3.28 ಅಡಿ. ಉದ್ದವನ್ನು ಅಡಿಯಲ್ಲಿ ಅಳೆದು, ಮೀಟರಿನ ದರದಿಂದ ಗುಣಿಸಿದರೆ ಮೊತ್ತವು ಮೂರು ಪಟ್ಟಿಗಿಂತಲೂ ಅಧಿಕವಾಗುತ್ತದೆ. ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009ರ ಪ್ರಕಾರ ವ್ಯವಹಾರದಲ್ಲಿ ಮೆಟ್ರಿಕ್ ಅಳತೆಯನ್ನೇ ಬಳಸತಕ್ಕದ್ದು. ಪೊಟ್ಟಣದಲ್ಲಿ ಮಾರುವ ವಾಲ್ವ್, ಅಂಟು ಮುಂತಾದವುಗಳಿಗೆ ಅದರ ಮೇಲೆ ಮುದ್ರಿಸಿದ ಗರಿಷ್ಠ ಮಾರಾಟ ಬೆಲೆಗಿಂತ ಅಧಿಕ ಪಡೆಯುವಂತಿಲ್ಲ.

ವ್ಯಾಸದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಜಿ.ಐ. ಕೊಳವೆಯ ಅಳತೆಯನ್ನು ಒಳ ರಂಧ್ರದ ಲೆಕ್ಕದಲ್ಲಿ ಹೇಳಲಾಗುತ್ತದೆ, ಐ.ಎಸ್. 4985 ಮಾನಕದ ಪಿ.ವಿ.ಸಿ. ಕೊಳವೆಯ ಅಳತೆಯನ್ನು ಹೊರ ವ್ಯಾಸದ ಲೆಕ್ಕದಲ್ಲಿ ಹೇಳಲಾಗುತ್ತದೆ. ಆದುದರಿಂದ 20 ಮಿ.ಮೀ. ಜಿ.ಐ. ಕೊಳವೆಯನ್ನು ತೆಗೆದು 20 ಮಿ.ಮೀ. ಪಿ.ವಿ.ಸಿ. ಹಾಕಿದರೆ, ಅಂಕಿ ಒಂದೇ ಆಗಿದ್ದರೂ ನೀರು ಹರಿಯುವ ದಾರಿ ಕಿರಿದಾಗುತ್ತದೆ.

ಕೊಳವೆಯ ಮೇಲೆ ಭಾರತೀಯ ಮಾನಕ ಬ್ಯೂರೋದ ಐ.ಎಸ್.ಐ. ಗುರುತು, ಪರವಾನಗಿ ಸಂಖ್ಯೆ ಮತ್ತು ದರ್ಜೆ ಇವೆಯೇ ಎಂದು ನೋಡಬೇಕು. ಕುಡಿಯುವ ನೀರಿನ ಪಿ.ವಿ.ಸಿ. ಕೊಳವೆಗೆ ಐ.ಎಸ್. 4985, ಸಿ.ಪಿ.ವಿ.ಸಿ. ಕೊಳವೆಗೆ ಐ.ಎಸ್. 15778, ಪಾಲಿಥಿಲೀನ್ ಕೊಳವೆಗೆ ಐ.ಎಸ್. 4984 ಮಾನಕಗಳಿವೆ. ಐ.ಎಸ್. 1239ರ ಜಿ.ಐ. ಕೊಳವೆಯಲ್ಲಿ ಹಗುರ ದರ್ಜೆಗೆ ಹಳದಿ, ಮಧ್ಯಮಕ್ಕೆ ನೀಲಿ ಮತ್ತು ಭಾರಿ ದರ್ಜೆಗೆ ಕೆಂಪು ಪಟ್ಟಿ ಇರುತ್ತದೆ. ಕೆಂಪು ಪಟ್ಟಿಯ ದರ ಪಡೆದು ಹಳದಿ ಪಟ್ಟಿಯ ಕೊಳವೆ ಹಾಕಿದ್ದರೆ ಅದು ದುಬಾರಿ ದರದ ಪ್ರಶ್ನೆಯಲ್ಲ, ವಂಚನೆಯ ಪ್ರಶ್ನೆ. ಪರವಾನಗಿ ಸಂಖ್ಯೆಯನ್ನು ಬ್ಯೂರೋದ ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಮಣ್ಣು ಮುಚ್ಚಿದ ಮೇಲೆ ಇವೆಲ್ಲವೂ ಕಣ್ಮರೆಯಾಗುವುದರಿಂದ, ಮುಚ್ಚುವ ಮುನ್ನವೇ ನೋಡಿ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಸೂಕ್ತ. ಅದೇ ವೇಳೆಯಲ್ಲಿ ನೀರು ಬಿಟ್ಟು ಜೋಡಣೆಗಳು ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಕಡಿಮೆ ದರವೇ ಲಾಭವೆಂದು ತಿಳಿಯಬಾರದು. ಚರಂಡಿಯ ಪಕ್ಕದಲ್ಲಿ ಅಥವಾ ಒಳಗೆ ಹಾದುಹೋಗುವ ಕೊಳವೆಯ ಜೋಡಣೆ ಸಡಿಲವಾಗಿದ್ದರೆ, ನೀರು ನಿಂತ ಅವಧಿಯಲ್ಲಿ ಕೊಳಚೆಯು ಒಳಕ್ಕೆ ಎಳೆಯಲ್ಪಡುತ್ತದೆ. 2023ರ ಆಗಸ್ಟ್‌ನಲ್ಲಿ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಅನೇಕರು ಅಸ್ವಸ್ಥರಾಗಿ, ಕೆಲವರು ಪ್ರಾಣ ಕಳೆದುಕೊಂಡರು. ಕುಡಿಯುವ ನೀರಿನ ಮಾರ್ಗವು ಸುರಕ್ಷಿತವಾಗಿರಬೇಕೆಂಬುದು ಪ್ರತಿ ಮನೆಯ ಆರೋಗ್ಯದ ವಿಷಯ. ಚರಂಡಿಯಿಂದ ದೂರವಾಗಿ ಕೊಳವೆಯನ್ನು ತಿರುಗಿಸಿ ತಂದ ಪ್ಲಂಬರ್ ನಾಲ್ಕು ಮೀಟರ್ ಹೆಚ್ಚುವರಿ ಉದ್ದಕ್ಕೆ ಹಣ ಕೇಳಿದರೆ ಅದು ಸಕಾರಣವಾದುದು.

6. ತೆರಿಗೆಯ ಹೆಸರಿನಲ್ಲಿ ಪಡೆದ ಹಣ

ಸರಕು ಮತ್ತು ಸೇವಾ ತೆರಿಗೆಯಡಿ ನೋಂದಣಿ ಪಡೆಯದ ವ್ಯಕ್ತಿಯು ತೆರಿಗೆಯನ್ನು ವಸೂಲು ಮಾಡುವಂತಿಲ್ಲ. ಸಂಯೋಜಿತ ಯೋಜನೆಯನ್ನು, ಅಂದರೆ ಕಾಂಪೊಸಿಷನ್ ಪದ್ಧತಿಯನ್ನು ಆಯ್ದುಕೊಂಡವರೂ ಗ್ರಾಹಕರಿಂದ ತೆರಿಗೆಯನ್ನು ಪ್ರತ್ಯೇಕವಾಗಿ ಪಡೆಯುವಂತಿಲ್ಲ. ಬಿಲ್ಲಿನಲ್ಲಿ ತೆರಿಗೆ ಸೇರಿಸಿದ್ದರೆ ಅದರ ಮೇಲೆ 15 ಅಕ್ಷರಾಂಕಿಗಳ ನೋಂದಣಿ ಸಂಖ್ಯೆ ಇರಬೇಕು. ಕರ್ನಾಟಕದಲ್ಲಿ ನೋಂದಾಯಿತರ ಸಂಖ್ಯೆಯು 29ರಿಂದ ಆರಂಭವಾಗುತ್ತದೆ. ಅಂಗಡಿಯ ಬೆಲೆಯಲ್ಲಿ ಈಗಾಗಲೇ ತೆರಿಗೆ ಸೇರಿರುವ ಸಾಮಗ್ರಿಗೆ, ನೋಂದಣಿಯಿಲ್ಲದ ಪ್ಲಂಬರ್ ಮತ್ತೊಮ್ಮೆ ತೆರಿಗೆ ಹಾಕಿದ್ದರೆ ಆ ಮೊತ್ತವನ್ನು ಮರಳಿ ಕೇಳಬಹುದು.

7. ಕಾನೂನಿನ ದೃಷ್ಟಿಯಲ್ಲಿ ಅಧಿಕ ಹಣ

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ದಿನಾಂಕ 20-07-2020ರಿಂದ ಜಾರಿಗೆ ಬಂದಿದೆ. ಈ ಅಧಿನಿಯಮದಡಿ ಅಧಿಕ ಬೆಲೆ ಪಡೆದ ಬಗ್ಗೆ ದೂರು ನೀಡಲು, ಪಡೆದ ಬೆಲೆಯು ಈ ಕೆಳಗಿನ ಯಾವುದಾದರೊಂದಕ್ಕಿಂತ ಅಧಿಕವಾಗಿರಬೇಕು: ಕಾನೂನಿನಿಂದ ನಿಗದಿಯಾದ ಬೆಲೆ, ಸರಕಿನ ಅಥವಾ ಪೊಟ್ಟಣದ ಮೇಲೆ ನಮೂದಿಸಿದ ಬೆಲೆ, ಪ್ರದರ್ಶಿಸಿದ ದರಪಟ್ಟಿಯ ಬೆಲೆ, ಅಥವಾ ಉಭಯ ಪಕ್ಷಗಳು ಒಪ್ಪಿಕೊಂಡ ಬೆಲೆ. ನೆರೆಮನೆಯವರು ಕೊಟ್ಟ ಬೆಲೆ ಈ ಪಟ್ಟಿಯಲ್ಲಿ ಇಲ್ಲ. ಖಾಸಗಿ ಪ್ಲಂಬಿಂಗ್ ಕೆಲಸಕ್ಕೆ ಬಹುತೇಕ ಸಂದರ್ಭಗಳಲ್ಲಿ ಉಳಿಯುವುದು "ಒಪ್ಪಿಕೊಂಡ ಬೆಲೆ" ಒಂದೇ. ಆದುದರಿಂದ ಕೆಲಸಕ್ಕೆ ಮುನ್ನ ಬರೆದುಕೊಂಡ ಒಂದು ಚೀಟಿಯು ಕೆಲಸದ ನಂತರದ ನೂರು ವಾದಗಳಿಗಿಂತ ಹೆಚ್ಚಿನ ಬೆಲೆಯುಳ್ಳದ್ದು.

ಸ್ವಇಚ್ಛೆಯಿಂದ ಒಪ್ಪಿದ ದರವು ದುಬಾರಿಯಾಗಿತ್ತು ಎಂಬ ಕಾರಣಕ್ಕಾಗಿಯೇ ಕರಾರು ಅಸಿಂಧುವಾಗುವುದಿಲ್ಲ. ದರವನ್ನು ಮಾತನಾಡದೆಯೇ ಕೆಲಸ ಮಾಡಿಸಿದ್ದರೆ, ಭಾರತೀಯ ಕರಾರು ಅಧಿನಿಯಮ, 1872ರ 70ನೇ ಪ್ರಕರಣದ ತತ್ವದಂತೆ, ಪಡೆದ ಪ್ರಯೋಜನಕ್ಕೆ ತಕ್ಕ ನ್ಯಾಯವಾದ ಪ್ರತಿಫಲವನ್ನು ಕೊಡಬೇಕಾಗುತ್ತದೆ. ಅಂತಹ ಸಂದರ್ಭದಲ್ಲಿ ಮೇಲೆ ತಿಳಿಸಿದ ಬಾಬುವಾರು ಲೆಕ್ಕವೇ ಆಧಾರವಾಗುತ್ತದೆ.

ದರದ ಹೊರತಾಗಿ, ಸೇವೆಯ ನ್ಯೂನತೆ, ಕಳಪೆ ಸಾಮಗ್ರಿ, ಬಿಲ್ಲು ಅಥವಾ ರಸೀದಿ ನೀಡದಿರುವುದು ಇವೂ ದೂರಿಗೆ ಆಧಾರಗಳಾಗಿವೆ. ಆದರೆ ಪ್ಲಂಬರ್‌ನನ್ನು ದಿನಗೂಲಿಗೆ ಇರಿಸಿಕೊಂಡು, ಸಾಮಗ್ರಿಯನ್ನು ಮಾಲೀಕರೇ ತಂದು, ತಮ್ಮ ನಿರ್ದೇಶನದಂತೆ ಕೆಲಸ ಮಾಡಿಸಿಕೊಂಡಿದ್ದರೆ ಅದು ವೈಯಕ್ತಿಕ ಸೇವೆಯ ಕರಾರು ಎಂಬ ವಾದ ಬರಬಹುದು. ಇಂತಹ ಸೇವೆಯು ಅಧಿನಿಯಮದ ವ್ಯಾಪ್ತಿಗೆ ಸೇರುವುದಿಲ್ಲ. ಈ ಎರಡು ಬಗೆಯ ಕರಾರುಗಳ ನಡುವಿನ ವ್ಯತ್ಯಾಸವನ್ನು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಭಾರತೀಯ ವೈದ್ಯಕೀಯ ಸಂಘ ವಿರುದ್ಧ ವಿ.ಪಿ. ಶಾಂತಾ ಪ್ರಕರಣದಲ್ಲಿ ವಿವರಿಸಿದೆ.

8. ಹಣ ಪಾವತಿಸಿದ ನಂತರ ಅನುಸರಿಸಬೇಕಾದ ಕ್ರಮ

(1) ಕೊಳವೆಯ ಉದ್ದವನ್ನು ಅಳೆದು, ಕಾಣುವ ಸಾಮಗ್ರಿಗಳನ್ನು ಎಣಿಸಿ ಬರೆದಿಟ್ಟುಕೊಳ್ಳಬೇಕು.
(2) ಬಾಬುವಾರು ವಿವರ ಮತ್ತು ಅಂಗಡಿಯ ಬಿಲ್ಲುಗಳನ್ನು ಪ್ಲಂಬರ್‌ನಿಂದ ಕೇಳಬೇಕು. ಬಹಳಷ್ಟು ಸಂದೇಹಗಳು ಈ ಹಂತದಲ್ಲಿಯೇ ಬಗೆಹರಿಯುತ್ತವೆ. ಲೆಕ್ಕ ನೋಡುವ ಮುನ್ನವೇ ಊರಿನಲ್ಲಿ ಮೋಸದ ಆರೋಪ ಹೊರಿಸುವುದರಿಂದ, ಅದೇ ಊರಿನಲ್ಲಿ ದುಡಿದು ಬದುಕಬೇಕಾದವನ ಜೀವನೋಪಾಯಕ್ಕೆ ಧಕ್ಕೆಯಾಗುತ್ತದೆ.
(3) ವ್ಯತ್ಯಾಸ ಕಂಡುಬಂದರೆ, ಯಾವ ಬಾಬಿನಲ್ಲಿ ಎಷ್ಟು ಹಣ ಮರಳಿಸಬೇಕು ಅಥವಾ ಯಾವ ದೋಷ ಸರಿಪಡಿಸಬೇಕು ಎಂಬುದನ್ನು ಬರೆದು, ಕಾಲಾವಕಾಶ ನೀಡಿ, ನೋಂದಾಯಿತ ಅಂಚೆಯಲ್ಲಿ ಕಳುಹಿಸಬೇಕು.
(4) ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.
(5) ಇತ್ಯರ್ಥವಾಗದಿದ್ದರೆ ದಾವಣಗೆರೆಯಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಲು ಅವಕಾಶವಿರುವುದರಿಂದ, ಪ್ಲಂಬರ್ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನವರಾಗಿದ್ದರೂ ಭಾನುವಳ್ಳಿಯವರು ದಾವಣಗೆರೆಯಲ್ಲಿಯೇ ದೂರು ಸಲ್ಲಿಸಬಹುದು.

ಪಾವತಿಸಿದ ಪ್ರತಿಫಲ ರೂ. 5 ಲಕ್ಷದವರೆಗೆ ಇದ್ದಲ್ಲಿ ದೂರಿಗೆ ಶುಲ್ಕವಿರುವುದಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ವ್ಯಾಜ್ಯಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು. ದೂರಿನೊಂದಿಗೆ ಕೊಟೇಶನ್ ಅಥವಾ ಒಪ್ಪಂದದ ಚೀಟಿ, ಬಿಲ್ಲು, ಹಣ ಪಾವತಿಯ ದಾಖಲೆ, ಛಾಯಾಚಿತ್ರಗಳು ಮತ್ತು ಕಳುಹಿಸಿದ ನೋಟಿಸಿನ ಪ್ರತಿಯನ್ನು ಲಗತ್ತಿಸಬೇಕು.

9. ಕೆಲಸ ಒಪ್ಪಿಸುವ ಮುನ್ನ ಬರೆದುಕೊಳ್ಳಬೇಕಾದ ಅಂಶಗಳು

* ಕೊಳವೆಯ ವಸ್ತು, ವ್ಯಾಸ, ದರ್ಜೆ, ಮಾನಕ ಸಂಖ್ಯೆ ಮತ್ತು ಅಂದಾಜು ಉದ್ದ.
* ದರವು ಮೀಟರಿಗೋ, ದಿನಗೂಲಿಯೋ, ಒಟ್ಟು ಗುತ್ತಿಗೆಯೋ ಎಂಬುದು.
* ಸಾಮಗ್ರಿ ತರುವವರು ಯಾರು, ಬಿಲ್ಲು ಯಾರ ಹೆಸರಿನಲ್ಲಿ ಎಂಬುದು.
* ಅಗೆತ, ಮಣ್ಣು ಮುಚ್ಚುವುದು ಮತ್ತು ಕಾಂಕ್ರೀಟ್ ಸರಿಪಡಿಸುವುದು ದರದಲ್ಲಿ ಸೇರಿದೆಯೇ ಎಂಬುದು.
* ಉದ್ದ ಹೆಚ್ಚಾದರೆ ಯಾವ ದರ ಎಂಬುದು.
* ಮುಂಗಡ ಎಷ್ಟು, ಸೋರಿಕೆ ಪರೀಕ್ಷೆಯ ನಂತರ ಕೊಡುವ ಬಾಕಿ ಎಷ್ಟು ಎಂಬುದು.
* ಸೋರಿಕೆ ಉಂಟಾದರೆ ಎಷ್ಟು ತಿಂಗಳವರೆಗೆ ಉಚಿತವಾಗಿ ಸರಿಪಡಿಸಲಾಗುವುದು ಎಂಬುದು.

ಇದಕ್ಕೆ ಛಾಪಾ ಕಾಗದದ ಅಗತ್ಯವಿಲ್ಲ. ನೋಟ್‌ಪುಸ್ತಕದ ಒಂದು ಹಾಳೆಯಲ್ಲಿ ಬರೆದು ಉಭಯತರೂ ಸಹಿ ಮಾಡಿದರೆ, ಅಥವಾ ಮೊಬೈಲ್ ಸಂದೇಶದಲ್ಲಿ ಕಳುಹಿಸಿ ಒಪ್ಪಿಗೆ ಪಡೆದರೆ ಸಾಕಾಗುತ್ತದೆ. ಇಂತಹ ಚೀಟಿಯು ಮಾಲೀಕರಿಗೆ ಎಷ್ಟು ರಕ್ಷಣೆಯೋ, ಕೆಲಸ ಮುಗಿದ ಮೇಲೆ ಬಾಕಿ ಹಣಕ್ಕಾಗಿ ಅಲೆಯಬೇಕಾದ ಪ್ಲಂಬರ್‌ಗೂ ಅಷ್ಟೇ ರಕ್ಷಣೆ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕೆಂದು ಕೋರಲಾಗಿದೆ.